ಜೇನುತುಪ್ಪದ ಕಲಬೆರಕೆ ಮತ್ತು ಜೇನು ಸಾಕಣೆಯ ಲೆಕ್ಕ

ಸಾಂಗ್ಲಿ ಜಿಲ್ಲೆಯ ಜತ್ತ ಬರಪೀಡಿತ ತಾಲೂಕು. ಉಮದಿ, ಸಂಖ, ಗುಡ್ಡಾಪುರದಂಥ ಗಡಿಭಾಗದ ಊರುಗಳಲ್ಲಿ ಜೋಳ, ಸಜ್ಜೆಯ ಜೊತೆಗೆ ದಾಳಿಂಬೆ, ದ್ರಾಕ್ಷಿ ತೋಟಗಳೂ ಇವೆ. ಜೇನುತುಪ್ಪದ (ಮರಾಠಿಯ ‘ಮಧ’) ಕಲಬೆರಕೆಯಿಂದ ಕೊಳ್ಳುವವರಿಗಷ್ಟೇ ಅಲ್ಲ, ಜೇನು ಸಾಕುವವರಿಗೂ ದಾಳಿಂಬೆ ಬೆಳೆಗಾರರಿಗೂ ನಷ್ಟವಿದೆ.

ಕಲಬೆರಕೆ ನಡೆಯುವ ಬಗೆ

ಹಿಂದೆ ಬೆಲ್ಲದ ಅಥವಾ ಸಕ್ಕರೆಯ ಪಾಕ ಬೆರೆಸುವುದು ಸಾಮಾನ್ಯವಾಗಿತ್ತು. ಕಬ್ಬು ಮತ್ತು ಗೋವಿನಜೋಳದ ಸಕ್ಕರೆಯಲ್ಲಿ ಇಂಗಾಲದ ಐಸೋಟೋಪುಗಳ ಪ್ರಮಾಣ ಹೂವಿನ ಮಕರಂದಕ್ಕಿಂತ ಬೇರೆ. ಆದ್ದರಿಂದ ಈ ಮೋಸ ಪ್ರಯೋಗಾಲಯದಲ್ಲಿ ಸಿಕ್ಕಿಬೀಳುತ್ತದೆ. ಅಕ್ಕಿ ಮತ್ತು ಬೀಟ್ ಸಕ್ಕರೆಯ ಪಾಕದಲ್ಲಿ ಈ ವ್ಯತ್ಯಾಸ ಕಾಣದು. ಅದನ್ನು ಹಿಡಿಯಲು ಎನ್.ಎಂ.ಆರ್. ಎಂಬ ದುಬಾರಿ ಪರೀಕ್ಷೆ ಬೇಕು.

2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ (ಸಿ.ಎಸ್.ಇ.) 13 ಬ್ರಾಂಡುಗಳ ಜೇನುತುಪ್ಪದ ತನಿಖಾ ವರದಿ ಪ್ರಕಟಿಸಿತು. ಜರ್ಮನಿಯ ಪ್ರಯೋಗಾಲಯದ ಎನ್.ಎಂ.ಆರ್. ಪರೀಕ್ಷೆಯಲ್ಲಿ ತೇರ್ಗಡೆಯಾದವು 3 ಮಾತ್ರ. ಕಂಪನಿಗಳು ಆರೋಪವನ್ನು ಅಲ್ಲಗಳೆದವು. ಅಮೆರಿಕಕ್ಕೆ ಹೋಗುವ ಜೇನುತುಪ್ಪಕ್ಕೆ ಭಾರತ ಸರಕಾರ ಅದೇ ವರ್ಷದ ಆಗಸ್ಟ್ 1ರಿಂದ ಈ ಪರೀಕ್ಷೆ ಕಡ್ಡಾಯ ಮಾಡಿತ್ತು.

ಮನೆ ಪರೀಕ್ಷೆಗಳು

ನೀರಿನಲ್ಲಿ ಹನಿ ಬಿಡುವುದು, ಬತ್ತಿಗೆ ಹಚ್ಚಿ ಉರಿಸುವುದು, ನಾಯಿಗೆ ಮೂಸಿಸುವುದು, ಇವು ಯಾವುವೂ ನಂಬಿಕೆಗೆ ಅರ್ಹವಲ್ಲ. ದಪ್ಪನೆಯ ಪಾಕವೂ ನೀರಿನಲ್ಲಿ ಕೆಳಗೆ ಕೂಡುತ್ತದೆ. ಗಟ್ಟಿಯಾದ ಜೇನು ಕಲಬೆರಕೆ ಎಂಬುದೂ ತಪ್ಪು ಕಲ್ಪನೆ. ಸೂರ್ಯಪಾನದ (ಸೂರ್ಯಕಾಂತಿ) ಹೂವಿನ ಶುದ್ಧ ಜೇನುತುಪ್ಪ ಚಳಿಗಾಲದಲ್ಲಿ ಬೇಗನೆ ಹರಳುಗಟ್ಟುತ್ತದೆ.

ಸಾಕುವವರ ಲೆಕ್ಕ

ಪಾಕ ಅಗ್ಗವಾದಷ್ಟೂ ಅಸಲಿ ಜೇನಿನ ದರ ಕುಸಿಯುತ್ತದೆ. 2014-15ರ ಸುಮಾರಿಗೆ ಕಿಲೋಗೆ 150 ರೂ. ಸಿಗುತ್ತಿದ್ದ ಕಚ್ಚಾ ಜೇನಿಗೆ ನಂತರ 60-70 ರೂ. ಸಿಗತೊಡಗಿತು ಎಂದು ಉತ್ತರ ಭಾರತದ ಸಾಕಣೆದಾರರು ಸಿ.ಎಸ್.ಇ.ಗೆ ತಿಳಿಸಿದ್ದರು. ಮೆಲ್ಲಿಫೆರಾ ಜೇನಿನ ಒಂದು ಪೆಟ್ಟಿಗೆ ವರ್ಷಕ್ಕೆ 30 ಕಿಲೋ ಕೊಟ್ಟಿತೆಂದು ಹಿಡಿದರೆ, 150 ರೂ. ದರದಲ್ಲಿ 4500 ರೂ., 70 ರೂ. ದರದಲ್ಲಿ 2100 ರೂ. ಮಾತ್ರ. ಲಾರಿ ಬಾಡಿಗೆ, ಆಳಿನ ಕೂಲಿ, ಬೇಸಿಗೆಯ ಸಕ್ಕರೆ ಇದರಲ್ಲೇ ಕಳೆಯಬೇಕು. ನಾಡಿನ ತುಡುವೆ ಜೇನಿನ ಇಳುವರಿ ಇನ್ನೂ ಕಡಿಮೆ.

ಹೂವಿಲ್ಲದ ಬೇಸಿಗೆಯಲ್ಲಿ ಹುಳುಗಳಿಗೆ ಸಕ್ಕರೆ ನೀರು ಕೊಡುವುದು ತಪ್ಪಲ್ಲ. ಆದರೆ ಜೇನು ಕೂಡುವ ಕಾಲದಲ್ಲಿ ಕೊಟ್ಟರೆ ಆ ಸಕ್ಕರೆ ಜೇನುತುಪ್ಪಕ್ಕೇ ಸೇರಿ, ಸಾಕುವವನೇ ಕಲಬೆರಕೆ ಮಾಡಿದಂತಾಗುತ್ತದೆ.

ದಾಳಿಂಬೆಗೆ ಸಂಬಂಧ

ದಾಳಿಂಬೆಯಲ್ಲಿ ಗಂಡು ಹೂವು, ದ್ವಿಲಿಂಗಿ ಹೂವು ಎರಡೂ ಇರುತ್ತವೆ. ಕಾಯಿ ಕಟ್ಟುವುದು ದ್ವಿಲಿಂಗಿ ಹೂವಿನಲ್ಲಿ. ಜೇನುಹುಳು ಪರಾಗ ಸಾಗಿಸಿದರೆ ಕಾಯಿ ಹೆಚ್ಚು ನಿಲ್ಲುತ್ತದೆ. ಆದ್ದರಿಂದ ಬಹಾರ ಹಿಡಿದ ತೋಟದಲ್ಲಿ ಪೆಟ್ಟಿಗೆಯ ನಿಜವಾದ ಲಾಭ ತುಪ್ಪಕ್ಕಿಂತ ಹಣ್ಣಿನಲ್ಲಿದೆ. ಸೂರ್ಯಪಾನದ ಕಾಳು ತುಂಬುವುದಕ್ಕೂ ಹುಳು ಬೇಕು. ದ್ರಾಕ್ಷಿಗೆ ಮಾತ್ರ ಇದರ ಅಗತ್ಯ ಅಷ್ಟಿಲ್ಲ. ಹೂವಿನ ಸಮಯದಲ್ಲಿ ಕೀಟನಾಶಕ ಸಿಂಪಡಿಸದಿರುವುದು ಒಳ್ಳೆಯದು. ಅನಿವಾರ್ಯವಾದರೆ ಹುಳು ಗೂಡಿಗೆ ಮರಳಿದ ಮೇಲೆ, ಸಂಜೆ ಸಿಂಪಡಿಸಬೇಕು. ಪೆಟ್ಟಿಗೆಯವರಿಗೆ ಮುಂಚೆಯೇ ತಿಳಿಸಬೇಕು.

ತರಬೇತಿ ಮತ್ತು ದೂರು

ಪುಣೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಸಾತಾರಾ ಜಿಲ್ಲೆಯ ಮಹಾಬಳೇಶ್ವರದ ಹತ್ತಿರದ ಮಾಂಘರ ಗ್ರಾಮವನ್ನು 2022ರಲ್ಲಿ ‘ಮಧಾಚೆ ಗಾಂವ’ (ಜೇನಿನ ಊರು) ಎಂದು ಘೋಷಿಸಲಾಯಿತು. ಅಲ್ಲಿ ಕಾಡಿನ ಹೂವಿದೆ. ಜತ್ತದಲ್ಲಿ ಹೂವು ಸಿಗುವುದು ಮಳೆ ಮತ್ತು ಬಹಾರದ ಲೆಕ್ಕದಲ್ಲಿ. ಹೀಗಾಗಿ ಇಲ್ಲಿ ಕೆಲವೇ ಪೆಟ್ಟಿಗೆಗಳಿಂದ ಆರಂಭಿಸುವುದು ಜಾಣತನ.

ಕೊಳ್ಳುವವರು ಬಾಟಲಿಯ ಮೇಲೆ 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ನೋಡಬೇಕು, ಬಿಲ್ಲು ಪಡೆಯಬೇಕು. ಅನುಮಾನವಿದ್ದರೆ 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಮಹಾರಾಷ್ಟ್ರದಲ್ಲಿ ದೂರನ್ನು ಅನ್ನ ಮತ್ತು ಔಷಧ ಆಡಳಿತಕ್ಕೆ (ಎಫ್.ಡಿ.ಎ.) ಕೊಡಬೇಕು. ಅಗ್ಗದ ಪಾಕಕ್ಕೆ ಮಾರುಕಟ್ಟೆ ಸಿಕ್ಕಷ್ಟು ದಿನ ಪೆಟ್ಟಿಗೆ ಇಡುವವರು ಕಡಿಮೆಯಾಗುತ್ತಾರೆ. ಆಗ ತೋಟದ ಹೂವು ಕಾಯಿ ಕಟ್ಟದೆ ಉದುರುವ ನಷ್ಟ ರೈತನದೇ.