ಪವಾಡ ತೆರವಾದ ಜಾಗ: ದೇವರು ಮರ್ತ್ಯನಾಗುವ ಕಥನಗಳು

ಅಮೀಶ್ ತ್ರಿಪಾಠಿಯವರ ಇಂಗ್ಲಿಷ್ ಕಾದಂಬರಿ 'ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ' 2010ರಲ್ಲಿ ಪ್ರಕಟವಾಯಿತು. ಅದರ ಶಿವ ಟಿಬೆಟ್ಟಿನ ಮಾನಸ ಸರೋವರದ ಬಳಿ ನೆಲೆಸಿದ ಗುಣರೆಂಬ ಬುಡಕಟ್ಟಿನ ನಾಯಕ. ಗಾಯವಾದರೆ ನರಳುವ, ಪ್ರೇಮದಲ್ಲಿ ತಡವರಿಸುವ, ತಪ್ಪು ಮಾಡಿ ಪಶ್ಚಾತ್ತಾಪಪಡುವ ಮನುಷ್ಯ. ಅವನ ಕಂಠ ನೀಲಿಯಾಗುವುದು ಹಾಲಾಹಲದಿಂದಲ್ಲ, ಸೋಮರಸವೆಂಬ ಔಷಧದಿಂದ. 2011 ಮತ್ತು 2013ರಲ್ಲಿ ಬಂದ ಮುಂದಿನ ಎರಡು ಸಂಪುಟಗಳೊಡನೆ ಈ ತ್ರಿವಳಿ ಅಪಾರ ಜನಪ್ರಿಯತೆ ಗಳಿಸಿತು. ದೇವತೆಯನ್ನು ಮರ್ತ್ಯನನ್ನಾಗಿ ಕಾಣುವ ಈ ಕ್ರಮವನ್ನು ಆಧುನಿಕ ವಿಚಾರವಾದದ ಕೊಡುಗೆಯೆಂದು ಭಾವಿಸುವವರುಂಟು. ಭಾರತೀಯ ಕಥನ ಪರಂಪರೆಯಲ್ಲಿ ಅದರ ಬೇರುಗಳು ಬಹಳ ಹಿಂದಕ್ಕೆ ಚಾಚಿವೆ. ಪುರಾಣದಿಂದ ಪವಾಡವನ್ನು ತೆಗೆದಾಗ ಒಂದು ಜಾಗ ತೆರವಾಗುತ್ತದೆ. ಆ ಜಾಗದಲ್ಲಿ ಕವಿ ಅಥವಾ ಕಾದಂಬರಿಕಾರ ಏನನ್ನು ಇರಿಸುತ್ತಾನೆ ಎಂಬುದರಿಂದಲೇ ಇಂಥ ಕೃತಿಗಳ ತೂಕ ನಿರ್ಧಾರವಾಗುತ್ತದೆ.

ವಿಮಲಸೂರಿಯ ಪ್ರಾಕೃತ ಕಾವ್ಯ 'ಪಉಮಚರಿಯ' ಆರಂಭವಾಗುವುದೇ ಸಂದೇಹದಿಂದ. ಕಪಿಗಳು ಬಲಿಷ್ಠರಾದ ರಾಕ್ಷಸರನ್ನು ಗೆದ್ದುದು ಹೇಗೆ, ಕುಂಭಕರ್ಣ ಆರು ತಿಂಗಳು ನಿದ್ರಿಸುವುದು ಸಾಧ್ಯವೇ ಎಂಬ ಶಂಕೆಗಳು ಶ್ರೇಣಿಕ ಮಹಾರಾಜನನ್ನು ಕಾಡುತ್ತವೆ. ಗೌತಮ ಗಣಧರರು ಅವನಿಗೆ ಹೇಳುವ ಕಥೆಯಲ್ಲಿ ವಾನರರು ಕಪಿಧ್ವಜವನ್ನು ಲಾಂಛನವಾಗಿ ಉಳ್ಳ ವಿದ್ಯಾಧರ ವಂಶದವರು. ರಾವಣನಿಗಿರುವುದು ಒಂದೇ ತಲೆ. ಕೊರಳ ಹಾರದ ರತ್ನಗಳಲ್ಲಿ ಮುಖ ಪ್ರತಿಫಲಿಸಿದ್ದರಿಂದ ಅವನು ದಶಮುಖನೆನಿಸಿದ. ಅವನು ಸೋಲಿಸಿದ ಇಂದ್ರ ಸ್ವರ್ಗದ ಒಡೆಯನಲ್ಲ, ಆ ಹೆಸರನ್ನೂ ವೈಭವವನ್ನೂ ತಾಳಿದ ಒಬ್ಬ ವಿದ್ಯಾಧರ ಚಕ್ರವರ್ತಿ. ಆದರೂ ಈ ಕಾವ್ಯವನ್ನು ಇಂದಿನ ಅರ್ಥದ ವಾಸ್ತವವಾದಿ ಕೃತಿಯೆನ್ನಲಾಗದು. ವಿಮಾನಗಳು, ಸಾಧಿಸಿ ಪಡೆದ ವಿದ್ಯೆಗಳು, ಭವಾವಳಿಗಳು ಇದರಲ್ಲಿ ಹೇರಳವಾಗಿವೆ. ವರ, ಶಾಪ, ಅವತಾರಗಳು ತೆರವು ಮಾಡಿದ ಸ್ಥಾನದಲ್ಲಿ ಕವಿ ಕರ್ಮವನ್ನು ನಿಲ್ಲಿಸಿದ್ದಾನೆ. ರಾಮನೂ ಅದಕ್ಕೆ ಹೊರತಲ್ಲ; ಅವನು ದೀಕ್ಷೆ ವಹಿಸಿ, ತಪಸ್ಸಿನಿಂದ ಕರ್ಮಕ್ಷಯ ಮಾಡಿಕೊಂಡೇ ಮುಕ್ತನಾಗಬೇಕು.

ಕನ್ನಡದಲ್ಲಿ ಇದೇ ಪರಂಪರೆಯನ್ನು ಅನುಸರಿಸಿದ ನಾಗಚಂದ್ರನ 'ರಾಮಚಂದ್ರಚರಿತ ಪುರಾಣ'ದಲ್ಲಿ ಮಾನವೀಕರಣದ ಅತ್ಯುತ್ತಮ ಫಲ ದೊರೆಯುವುದು ರಾವಣನ ಪಾತ್ರದಲ್ಲಿ. ಸೀತೆಯ ದುಃಖವನ್ನು ಕಂಡು ಅವನ ಮನಸ್ಸು ತಿಳಿಯಾಗುತ್ತದೆ. ಆದರೆ ಯುದ್ಧಕ್ಕೆ ಮೊದಲೇ ಅವಳನ್ನು ಒಪ್ಪಿಸಲು ಅಭಿಮಾನ ಬಿಡುವುದಿಲ್ಲ. ಬಿ.ಎಂ.ಶ್ರೀ. ಅವರು ಇವನಲ್ಲಿ ದುರಂತ ನಾಯಕನನ್ನು ಗುರುತಿಸಿದ್ದು ಪ್ರಸಿದ್ಧವಾಗಿದೆ. ಹತ್ತು ತಲೆಯ ರಾಕ್ಷಸನಿಗೆ ದುರಂತವಿಲ್ಲ, ವಧೆ ಮಾತ್ರ ಉಂಟು. ದುರಂತಕ್ಕೆ ಮನುಷ್ಯನೇ ಬೇಕು.

1979ರಲ್ಲಿ ಪ್ರಕಟವಾದ ಎಸ್.ಎಲ್. ಭೈರಪ್ಪನವರ 'ಪರ್ವ' ಪವಾಡದ ಸ್ಥಾನವನ್ನು ಸಾಮಾಜಿಕ ಪದ್ಧತಿಗೆ ಕೊಡುತ್ತದೆ. ಇಲ್ಲಿ ದೇವರೆಂದರೆ ಹಿಮಾಲಯದಲ್ಲಿ ವಾಸಿಸುವ ಒಂದು ಜನಾಂಗ. ಕುಂತಿಯ ಮಕ್ಕಳು ನಿಯೋಗದಿಂದ ಹುಟ್ಟಿದವರು. ಕೃಷ್ಣನನ್ನು ಓದುಗರು ಕಾಣುವುದು ಬಹುಮಟ್ಟಿಗೆ ಇತರರ ನೆನಪು ಮತ್ತು ಮಾತುಗಳ ಮೂಲಕ. ದೈವ ಸಂಕಲ್ಪವೆಂಬ ಸಮರ್ಥನೆ ಇಲ್ಲವಾದ ಕೂಡಲೇ ಕುರುಕ್ಷೇತ್ರದ ಸಾವುಗಳೆಲ್ಲ ಮನುಷ್ಯರ ಲೆಕ್ಕಕ್ಕೇ ಸೇರುತ್ತವೆ. ಹಸಿವು, ದುರ್ವಾಸನೆ, ಗರ್ಭ ಹೊತ್ತ ಹೆಂಗಸರ ಗೋಳು ಇವುಗಳಿಗೆ ಮೋಕ್ಷದ ಸಮಾಧಾನವೂ ಇಲ್ಲ. ಜೈನ ಕಾವ್ಯದ ಮುಕ್ತಾಯದಲ್ಲಿ ದೊರೆಯುವ ಶಾಂತರಸ ಈ ಕಾದಂಬರಿಗೆ ಅಲಭ್ಯ. ಅದನ್ನು ಅದು ಬಯಸುವುದೂ ಇಲ್ಲ.

ಅಮೀಶರ ತ್ರಿವಳಿಯಲ್ಲಿ ಪವಾಡದ ಸ್ಥಾನವನ್ನು ಪಡೆಯುವುದು ತಂತ್ರಜ್ಞಾನ. ಆಯುಷ್ಯವನ್ನು ಹೆಚ್ಚಿಸುವ ಸೋಮರಸ, ವಿನಾಶಕಾರಿ ದೈವೀ ಅಸ್ತ್ರಗಳು, ಶಿಸ್ತಿನ ನಗರಗಳು ಎಲ್ಲವೂ ಜ್ಞಾನಿಗಳ ಆವಿಷ್ಕಾರಗಳು. ಪಾತ್ರಗಳ ಅಂತರಂಗವನ್ನು ಶೋಧಿಸುವುದರಲ್ಲಿ ಇದು 'ಪರ್ವ'ಕ್ಕೆ ಸಮನಲ್ಲ. ಕಥೆಯ ವೇಗವೇ ಇದರ ಬಲ. ಆದರೆ ಇದರ ನಡುವೆ ಗಂಭೀರವಾದ ಒಂದು ಪ್ರಶ್ನೆ ಅಡಗಿದೆ. ಮೆಲೂಹದ ಕಾನೂನಿನಲ್ಲಿ ದುರದೃಷ್ಟಕ್ಕೊಳಗಾದವರು 'ವಿಕರ್ಮ'ರು: ಹಿಂದಿನ ಜನ್ಮದ ಪಾಪವನ್ನು ಉಣ್ಣುತ್ತಿರುವವರೆಂದು ದೂರವಿಡಲ್ಪಟ್ಟವರು. ರಾಜಕುಮಾರಿ ಸತಿಯೇ ಅಂಥವಳು. ಅಂಗವೈಕಲ್ಯದೊಡನೆ ಹುಟ್ಟಿದ ಮಕ್ಕಳು 'ನಾಗ'ರೆನಿಸಿ ನಾಡಿನಿಂದಲೇ ಹೊರದೂಡಲ್ಪಡುತ್ತಾರೆ. ಗಣೇಶ, ಕಾಳಿ ಆ ಗುಂಪಿನವರು. ಅವರ ವೈಕಲ್ಯಕ್ಕೆ ಪೂರ್ವಜನ್ಮದ ಪಾಪ ಕಾರಣವಲ್ಲ, ಉಳಿದವರ ಆಯುಷ್ಯವನ್ನು ಹೆಚ್ಚಿಸಿದ ಸೋಮರಸವೇ ಕಾರಣ ಎಂಬ ಸತ್ಯ ಕೊನೆಯ ಸಂಪುಟದಲ್ಲಿ ಬಯಲಾಗುತ್ತದೆ. ಉಳ್ಳವರ ಸುಖದ ಬೆಲೆಯನ್ನು ತೆತ್ತವರ ಮೇಲೆಯೇ ಪಾಪದ ಹೊರೆಯನ್ನೂ ಹೊರಿಸಲಾಗಿತ್ತು.

ಈ ಭಾಗವನ್ನು ವಿಮಲಸೂರಿಯ ಸೀತೆಯೊಡನೆ ಇಟ್ಟು ನೋಡುವುದು ಉಪಯುಕ್ತ. ಹಿಂದೊಂದು ಭವದಲ್ಲಿ ವೇಗವತಿಯಾಗಿದ್ದಾಗ ಮುನಿಯೊಬ್ಬರ ಮೇಲೆ ಅಪವಾದ ಹೊರಿಸಿದ್ದರಿಂದ ಸೀತೆಗೆ ಲೋಕಾಪವಾದ ಬಂದಿತೆಂದು ಆ ಕಾವ್ಯ ಹೇಳುತ್ತದೆ. ಆದರೆ ಆ ಅರಿವು ಅವಳನ್ನು ಕಾಡಿಗಟ್ಟಲು ಯಾರಿಗೂ ಅಧಿಕಾರ ಕೊಡುವುದಿಲ್ಲ. ಅಗ್ನಿಪರೀಕ್ಷೆಯ ಬಳಿಕ ರಾಮ ಕರೆದರೂ ಅವಳು ಅರಮನೆಗೆ ಮರಳದೆ ದೀಕ್ಷೆ ಸ್ವೀಕರಿಸುತ್ತಾಳೆ. ಕರ್ಮವನ್ನು ತನ್ನದೆಂದು ಅರಿತು ಕ್ಷಯಿಸಲು ಹೊರಟವಳು ಸೀತೆ; ಸತಿಯ ಕರ್ಮವನ್ನು ಓದಿದವರು ಬೇರೆಯವರು, ಅದೂ ಶಿಕ್ಷೆ ವಿಧಿಸುವುದಕ್ಕಾಗಿ. ಅಮೀಶರ ಟೀಕೆ ತಾಗುವುದು ಈ ಎರಡನೆಯ ಬಗೆಗೆ.

ಸಂಶೋಧಕರು ಗಮನಿಸಬೇಕಾದ ಎಚ್ಚರವೂ ಒಂದುಂಟು. ಮೆಲೂಹ ಎಂಬ ಹೆಸರು ಮೆಸೊಪೊಟೇಮಿಯದ ಬರಹಗಳಿಂದ ಬಂದದ್ದು. ಅದು ಸಿಂಧೂ ಪ್ರದೇಶವೆಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ. ಮೊಹೆಂಜೊದಾರೊದ ಮುದ್ರೆಯೊಂದರಲ್ಲಿ ಜಾನ್ ಮಾರ್ಷಲ್ ಶಿವನ ಪೂರ್ವರೂಪವನ್ನು ಕಂಡರು. ಆ ಗುರುತಿಸುವಿಕೆ ಇಂದಿಗೂ ವಿವಾದಾಸ್ಪದ. ಸಿಂಧೂ ಲಿಪಿಯನ್ನು ಸರ್ವಸಮ್ಮತವಾಗಿ ಓದಲಾಗಿಲ್ಲ. ಪವಾಡ ಹೋದ ಮಾತ್ರಕ್ಕೆ ಕಥೆ ಇತಿಹಾಸವಾಗುವುದಿಲ್ಲ. ನಂಬುವಂತಿರುವುದು ಬೇರೆ, ನಡೆದದ್ದು ಬೇರೆ. ಶ್ರೇಣಿಕನ ಸಂದೇಹ ಪುರಾಣದ ಮುಂದೆ ಎಷ್ಟು ಯೋಗ್ಯವೋ, ಪುರಾಣವನ್ನು ತಿದ್ದಿ ಬರೆದ ಕಾದಂಬರಿಯ ಮುಂದೆಯೂ ಅಷ್ಟೇ ಯೋಗ್ಯ.