ಅಮೆರಿಕದ ಬಾಲಕಾರ್ಮಿಕರ ಛಾಯಾಚಿತ್ರ ದಾಖಲೆ

ಅಮೆರಿಕ ಸಂಯುಕ್ತ ಸಂಸ್ಥಾನದ ಗಣಿ, ಗಿರಣಿ, ಹೊಲ, ಬೀದಿಗಳಲ್ಲಿ ದುಡಿಯುತ್ತಿದ್ದ ಮಕ್ಕಳ ಚಿತ್ರಗಳನ್ನು 20ನೆಯ ಶತಮಾನದ ಆರಂಭದಲ್ಲಿ ತೆಗೆದು, ಕಾನೂನು ಸುಧಾರಣೆಗೆ ಸಾಕ್ಷ್ಯವಾಗಿ ಬಳಸಿದ ಕಾರ್ಯ. ಇದರಲ್ಲಿ ಅಗ್ರಗಣ್ಯ ಲೂಯಿಸ್ ಹೈನ್ (1874–1940).

1900ರ ಜನಗಣತಿಯ ಪ್ರಕಾರ 10ರಿಂದ 15 ವರ್ಷದ ಸುಮಾರು 17.5 ಲಕ್ಷ ಮಕ್ಕಳು ದುಡಿಮೆಯಲ್ಲಿದ್ದರು. ಕಾನೂನು ರಾಜ್ಯಕ್ಕೊಂದು ಬಗೆ. ಅದು ಇದ್ದ ಕಡೆಯೂ ತಪಾಸಣೆ ಸಡಿಲ. ಚಿತ್ರವನ್ನು ಸಾಕ್ಷ್ಯವಾಗಿಸುವುದು ಹೊಸದೇನಲ್ಲ: ನ್ಯೂಯಾರ್ಕಿನ ಬಡವರ ವಠಾರಗಳನ್ನು ಪತ್ರಕರ್ತ ಜೇಕಬ್ ರೀಸ್ 1890ರಲ್ಲೇ ಚಿತ್ರಸಹಿತ ಪುಸ್ತಕವಾಗಿಸಿದ್ದ. 1904ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿ ಹುಟ್ಟಿತು. ನ್ಯೂಯಾರ್ಕಿನಲ್ಲಿ ಶಾಲಾ ಶಿಕ್ಷಕನಾಗಿದ್ದ ಹೈನ್ 1908ರಲ್ಲಿ ಆ ಕೆಲಸ ಬಿಟ್ಟು ಸಮಿತಿಯ ಪೂರ್ಣಾವಧಿ ಛಾಯಾಗ್ರಾಹಕನಾದ.

ಮಾಲೀಕರು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ. ಬೈಬಲ್ ಮಾರುವವನೆಂದೋ ಯಂತ್ರಗಳ ಚಿತ್ರ ತೆಗೆಯಲು ಬಂದವನೆಂದೋ ಹೇಳಿಕೊಂಡು ಹೈನ್ ಒಳಹೋಗುತ್ತಿದ್ದ. ಗಾಜಿನ ಫಲಕದ ಭಾರವಾದ ಕ್ಯಾಮೆರಾ, ಬೆಳಕಿಗೆ ಭಗ್ಗನೆ ಉರಿಯುವ ಮೆಗ್ನೀಸಿಯಂ ಪುಡಿ ಅವನ ಸಲಕರಣೆ. ತನ್ನ ಅಂಗಿಯ ಗುಂಡಿಗಳು ನೆಲದಿಂದ ಎಷ್ಟೆಷ್ಟು ಎತ್ತರದಲ್ಲಿವೆ ಎಂಬುದನ್ನು ಮೊದಲೇ ಅಳೆದಿಟ್ಟುಕೊಂಡು, ಪಕ್ಕದಲ್ಲಿ ನಿಂತ ಮಗುವಿನ ಎತ್ತರವನ್ನು ಅಂದಾಜಿಸಿ, ಜೇಬಿನೊಳಗೇ ಗುಟ್ಟಾಗಿ ಗುರುತು ಹಾಕಿಕೊಳ್ಳುತ್ತಿದ್ದ. ವಯಸ್ಸಿನ ಬಗ್ಗೆ ಸುಳ್ಳು ಹೇಳಬಹುದಿತ್ತು; ಎತ್ತರದ ಬಗ್ಗೆ ಆಗುತ್ತಿರಲಿಲ್ಲ.

ಉತ್ತರ ಕ್ಯಾರೊಲಿನಾದ ವಿಟ್ನೆಲ್‌ನ ಹತ್ತಿ ಗಿರಣಿಯಲ್ಲಿ 1908ರಲ್ಲಿ ತೆಗೆದ ಚಿತ್ರವೊಂದರಲ್ಲಿ ಹುಡುಗಿಯೊಬ್ಬಳು ಸಾಲು ಕದಿರುಗಳ ಪಕ್ಕ ನಿಂತಿದ್ದಾಳೆ. ಎತ್ತರ 51 ಅಂಗುಲ, ದಿನಗೂಲಿ 48 ಸೆಂಟ್, ಕೆಲವೊಮ್ಮೆ ರಾತ್ರಿ ಪಾಳಿ ಎಂದು ಹೈನ್ ಬರೆದಿಟ್ಟ. ವಯಸ್ಸು ಕೇಳಿದರೆ ನೆನಪಿಲ್ಲವೆಂದಳು. ಬಳಿಕ, ಕೆಲಸಕ್ಕೆ ತಕ್ಕ ವಯಸ್ಸಾಗಿಲ್ಲವೆಂದು ಗುಟ್ಟಾಗಿ ಒಪ್ಪಿಕೊಂಡಳು. 1911ರಲ್ಲಿ ಪೆನ್ಸಿಲ್ವೇನಿಯಾದ ಪಿಟ್‌ಸ್ಟನ್‌ನಲ್ಲಿ, ದಟ್ಟ ಧೂಳಿನ ನಡುವೆ ಬಾಗಿ ಕುಳಿತು ಕಲ್ಲಿದ್ದಲಿನಿಂದ ಕಲ್ಲು ಆರಿಸುವ ಹುಡುಗರನ್ನು ಚಿತ್ರಿಸಿದ. ಅಯ್ಯೋ ಎನಿಸುವುದಷ್ಟೇ ಈ ಚಿತ್ರಗಳ ಬಲವಲ್ಲ. ಊರು, ಕೂಲಿ, ಪಾಳಿಗಳ ವಿವರ ಜೊತೆಗಿದ್ದುದರಿಂದ ಅವುಗಳನ್ನು ಅಲ್ಲಗಳೆಯುವುದು ಕಷ್ಟವಾಯಿತು. ಸಮಿತಿ ಅವನ್ನು ಪತ್ರಿಕೆ, ಕರಪತ್ರ, ಪ್ರದರ್ಶನಗಳ ಮೂಲಕ ಹಂಚಿತು.

1912ರಲ್ಲಿ ಒಕ್ಕೂಟ ಸರ್ಕಾರ ಮಕ್ಕಳ ಬ್ಯೂರೋ ಸ್ಥಾಪಿಸಿತು. ಬಾಲದುಡಿಮೆಯನ್ನು ನಿರ್ಬಂಧಿಸಿದ 1916ರ ಕೀಟಿಂಗ್–ಓವೆನ್ ಕಾಯ್ದೆಯನ್ನು ಸುಪ್ರೀಂ ಕೋರ್ಟ್ 1918ರಲ್ಲಿ ರದ್ದುಪಡಿಸಿತು. 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆ ಕಾರ್ಖಾನೆ ಕೆಲಸಕ್ಕೆ ಸಾಮಾನ್ಯವಾಗಿ 16, ಅಪಾಯಕಾರಿ ಕೆಲಸಕ್ಕೆ 18 ವರ್ಷದ ಮಿತಿ ಹಾಕಿತು. 1941ರಲ್ಲಿ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಆದರೆ ಕೃಷಿಗೆ ದೊಡ್ಡ ವಿನಾಯಿತಿ ಉಳಿಯಿತು. ಕೊಲರಾಡೊದ ಬೀಟ್ ಹೊಲಗಳಲ್ಲಿ ದುಡಿಯುತ್ತಿದ್ದ ಮಕ್ಕಳನ್ನೂ ಹೈನ್ 1915ರಲ್ಲೇ ಚಿತ್ರಿಸಿದ್ದ. ಗಿರಣಿಯ ಮಕ್ಕಳಿಗೆ ಸಿಕ್ಕ ರಕ್ಷಣೆ ಅವರಂಥವರಿಗೆ ಸಿಗಲಿಲ್ಲ.