ಕಿಡಕಿ ತಗೀಲೋ ಬ್ಯಾಡೋ: ಗಾಳಿ ಪೆಟಿಗಿ ಹುಟ್ಟಿದ ಕಥಿ

"ಕಿಡಕಿ ತಗೀಬ್ಯಾಡ್ರಿ, ಬಾಣಂತಿಗೆ ಗಾಳಿ ಹತ್ತತದ." ಈ ಮಾತು ಕೇಳದಂಥಾ ಹೆಣ್ಮಗಳು ನಮ್ಮ ಧಾರವಾಡ ಕಡೆ ಸಿಗೂದಿಲ್ಲ. ಜರ್ಮನಿಯೊಳಗ ಇದು ಪೂರಾ ಉಲ್ಟಾ. ಅಲ್ಲೆ ಎಷ್ಟೋ ಬಾಡಿಗಿ ಕರಾರುಪತ್ರದಾಗ ದಿನಾ ಕಿಡಕಿ ತಗದು ಗಾಳಿ ಆಡಸಬೇಕು ಅಂತ ಬರದಿರ್ತಾರ. ಮಗಳ ಬಾಣಂತನಕ್ಕಂತ ಒಂದು ಚಳಿಗಾಲ ಅಲ್ಲೆ ಇದ್ದೆ. ಕಿಡಕಿ ಮ್ಯಾಲೆ ಇವರದು ಏನಿಷ್ಟು ಹಟ ಅಂತ ಹುಡಕಿ ಓದಕೋತ ಹೋದ್ರ ದೊಡ್ಡ ಕಥಿನ ಸಿಕ್ತು.

ಕಥಿ ಸುರು ಆಗೂದು ಮ್ಯೂನಿಕ್ ಊರಾಗ. ಮಾಕ್ಸ್ ಫಾನ್ ಪೆಟೆನ್‌ಕೋಫರ್ ಅಂತ ಒಬ್ಬ ವಿದ್ವಾಂಸ, 1858ರಾಗ ಮನಿಯೊಳಗಿನ ಗಾಳಿ ಬಗ್ಗೆ ಒಂದು ಪುಸ್ತಕ ಬರದಾ. ಮಂದಿ ತುಂಬಿದ ಖೋಲಿಯೊಳಗ ತಲಿ ಯಾಕ ಭಾರ ಆಗ್ತದ, ನಾತ ಯಾಕ ಬರ್ತದ ಅನ್ನೂದು ಅವನ ಪ್ರಶ್ನಿ. ನಾತ ಅಳೀಲಿಕ್ಕೆ ತಕ್ಕಡಿ ಇಲ್ಲ. ಅದಕ್ಕ ನಾವು ಬಿಡೋ ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳದಾ. ಸುಣ್ಣದ ತಿಳಿಯೊಳಗ ಕೊಳವಿಯಿಂದ ಊದಿದ್ರ ಬೆಳ್ಳಗಾಗ್ತದಲ್ಲ, ಆ ಜಾತಿಯ ಪರೀಕ್ಷಾನ ಅವಂದು. ಈ ಅನಿಲಾನ ವಿಷ ಅಂತ ಅವಾ ಹೇಳ್ಲಿಲ್ಲ. ಅದು ಹೆಚ್ಚಾದ್ರ ಉಳದ ಹೊಲಸೂ ಹೆಚ್ಚಾಗೇದ ಅಂತ ತಿಳೀಬೇಕು ಅಂದಾ, ಅಷ್ಟ. 1000 ಭಾಗ ಗಾಳಿಯೊಳಗ 1 ಭಾಗ ದಾಟಬಾರದು ಅಂತ ಲೆಕ್ಕಾ ಹಾಕಿಕೊಟ್ಟಾ. ಇವತ್ತಿಗೂ ಸಾಲಿ ಖೋಲಿ ಗಾಳಿ ಛಲೋ ಅದನೋ ಇಲ್ಲೋ ನೋಡ್ಲಿಕ್ಕೆ ಆ ಲೆಕ್ಕಾ ಹಿಡೀತಾರ.

ಒಂದು ಕಡೆ ಮಾತ್ರ ಶಾಣ್ಯಾ ಮನಶ್ಯಾ ಎಡವಿದಾ. ತನ್ನ ಖೋಲಿಯ ಸಂದಿ-ಗೊಂದಿಗೆಲ್ಲಾ ಕಾಗದಾ ಅಂಟಿಸಿ ಅಳದಾ. ಆದ್ರೂ ಗಾಳಿ ಬದಲಾಗೂದು ಪೂರಾ ನಿಂದರಲಿಲ್ಲ. ಹಂಗಾರ ಇಟ್ಟಂಗಿ ಗ್ವಾಡಿನ ಉಸಿರಾಡ್ತದ ಅಂದಾ. ಸಾರಿಸಿದ ಗ್ವಾಡಿಯಿಂದ ಗಾಳಿ ದಾಟೂದು ನಾಮ್‌ಕೇವಾಸ್ತೆ ಅಂತ ಆಮ್ಯಾಲೆ ಅಳದವರು ತೋರಿಸಿದ್ರು. ಆದ್ರ ಒಮ್ಮೆ ಬಾಯಾಗ ಕೂತ ಮಾತು ಏಳತದೇನ? "ಗ್ವಾಡಿ ಉಸಿರಾಡಬೇಕ್ರಿ" ಅನ್ನೋವರು ಅಲ್ಲೂ ಇದ್ದಾರ, ಇಲ್ಲೂ ಇದ್ದಾರ.

ಅವಂದು ಇನ್ನೊಂದು ಮಾತು ನನಗ ಭಾಳ ಸೇರ್ತು. ಖೋಲಿಯೊಳಗ ತಿಪ್ಪಿ ಇಟ್ಟುಕೊಂಡು ಗಾಳಿ ಆಡಸಬ್ಯಾಡ್ರಿ, ಮೊದಲ ತಿಪ್ಪಿ ಹೊರಗ ಹಾಕ್ರಿ ಅನ್ನೂದು ಅದರ ಅರ್ಥ. ನಮ್ಮ ಬಾಣಂತಿ ಖೋಲಿ ನೆನಸ್ಕೋರಿ. ಕದಾ ಕಿಡಕಿ ಎಲ್ಲಾ ಬಂದ್, ಒಳಗ ಶೇಗಡಿ ಕೆಂಡ, ಮ್ಯಾಲೆ ಲೋಬಾನ. ಹೊಗಿಯರೆ ಕಣ್ಣಿಗೆ ಹತ್ತತದ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನಿ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಖೋಲಿಯೊಳಗ ಮಲಗಿದವರು ಮಲಗಿದಲ್ಲೇ ಹೋಗಿಬಿಡ್ತಾರ. ಶೇಕು ಬೇಕಂದ್ರ ಬಿಸಿನೀರಿನ ಚೀಲ ಅದ, ನಾ ಮಗಳಿಗೆ ಅದನ್ನ ಕೊಟ್ಟೆ. ಕೆಂಡ ಮಾತ್ರ ಒಳಗ ಬ್ಯಾಡ್ರವ್ವಾ.

ಈಗ ನೂರು ವರ್ಷ ದಾಟಿ ಬರೋಣ. 1973ರಾಗ ಅರಬ್ ದೇಶದವರು ಎಣ್ಣಿ ಕೊಡೂದು ತಡದ್ರು. ಕೆಲವೇ ತಿಂಗಳಿನ್ಯಾಗ ಕಚ್ಚಾ ಎಣ್ಣಿ ದರ ನಾಕು ಪಟ್ಟ ಆತು. ಥಂಡಿ ದೇಶದಾಗ ಆಗ ಎಷ್ಟೋ ಮನಿ ಬೆಚ್ಚಗ ಇಡ್ತಿದ್ದದ್ದು ಎಣ್ಣಿಯಿಂದನ. ಅದಕ್ಕ ಮಂದಿ ಕಿಡಕಿ ಸಂದಿಗೆಲ್ಲಾ ರಬ್ಬರ ಪಟ್ಟಿ ಬಡದ್ರು, ಎರಡೆರಡು ಕಾಜು ಹಾಕಿಸಿದ್ರು. ಎಣ್ಣಿಯೇನೋ ಉಳೀತು. ಆದ್ರ ಅಡಗಿ ಉಗಿ, ಜಳಕದ ಉಗಿ, ಒಳಗ ಒಣಗಿಸಿದ ಅರಿವಿಯ ಹಸಿ ಎಲ್ಲಾ ಒಳಗ ಉಳೀತು. ಗ್ವಾಡಿ ಮೂಲ್ಯಾಗ, ಕಪಾಟಿನ ಹಿಂದ ಕರ್‍ರಗ ಬೂಸರು ಬಂತು. ಹಿಂದಿನ ಸೋರೋ ಕಿಡಕಿ ಸುಮ್ಮನ ಎಷ್ಟು ಕೆಲಸಾ ಮಾಡ್ತಿತ್ತು ಅನ್ನೂದು ಅವಾಗ ಗೊತ್ತಾತು.

ಉತ್ತರ ಸಿಕ್ಕಿದ್ದು ಕೆನಡಾದ ರೆಜೈನಾ ಊರಾಗ, 1977ರಾಗ. ಚಳಿಗಾಲದಾಗ ಸೊನ್ನಿಗಿಂತ 30-40 ಡಿಗ್ರಿ ಕೆಳಗ ಹೋಗೋ ಊರದು. ಹೆರಾಲ್ಡ್ ಆರ್ ಮತ್ತ ಅವನ ಜೋಡಿ ಎಂಜಿನಿಯರ್‌ಗಳು ಭಾಳ ದಪ್ಪ ಗ್ವಾಡಿಯ, ಗಾಳಿ ಸೋರದಂಥಾ ಒಂದು ಮನಿ ಕಟ್ಟಿದ್ರು. ಒಳಗ ದೊಡ್ಡ ಒಲಿ ಇಲ್ಲ, ಭಟ್ಟಿ ಇಲ್ಲ. ಗಾಳಿಗೆ ಒಂದು ಪೆಟಿಗಿ ಇಟ್ರು. ಒಂದು ಫ್ಯಾನು ಅಡಗಿಮನಿ, ಬಚ್ಚಲದ ಹಳೇ ಗಾಳಿ ಹೊರಗ ಒಯ್ಯತದ, ಇನ್ನೊಂದು ಹೊಸಾ ಗಾಳಿ ಒಳಗ ತರ್ತದ. ನಡುವ ತೆಳ್ಳಗಿನ ಹಾಳಿ. ಬಿಸಿ ಹಾಲಿನ ಪಾತೇಲಿ ತಣ್ಣೀರಾಗ ಇಟ್ಟು ಆರಸತೀವಲ್ಲ, ಹಾಲು-ನೀರು ಕೂಡೂದಿಲ್ಲ, ಕಾವು ಮಾತ್ರ ದಾಟತದ. ಇಲ್ಲೂ ಹಂಗ. ಹೊಲಸು ಗಾಳಿ ತನ್ನ ಕಾವು ಬಿಟ್ಟು ಹೋಗ್ತದ, ಹೊಸಾ ಗಾಳಿ ಆ ಕಾವು ಹೊತಗೊಂಡು ಬರ್ತದ.

ಇದನ್ನ ಇನ್ನೂ ತಿದ್ದಿದವರು ಜರ್ಮನಿಯವರು. ಡಾರ್ಮ್‌ಸ್ಟಾಟ್ ಊರಿನ ಕ್ರಾನಿಕ್‌ಸ್ಟೈನ್ ಅನ್ನೋಲ್ಲಿ ವೂಲ್ಫ್‌ಗ್ಯಾಂಗ್ ಫೈಸ್ಟ್ ಕಟ್ಟಿಸಿದ ಸಾಲು ಮನಿಗೆ 1991ರಾಗ 4 ಸಂಸಾರ ಬಂದು ಕೂಡ್ತು. ಅದಕ್ಕ ಪಾಸಿವ್‌ಹೌಸ್ ಅಂತಾರ. 25 ವರ್ಷಾದಮ್ಯಾಲೆ ಮತ್ತ ಅಳದು ನೋಡಿದ್ರ, ಅದು ಇನ್ನೂ ಛಲೋನ ನಡದಿತ್ತು.

ಇಂಥಾ ಮನ್ಯಾಗ ಕಿಡಕಿ ತಗೀಲಿಕ್ಕೆ ಬಿಡೂದಿಲ್ಲ ಅಂತ ಒಂದು ಸುದ್ದಿ ಹಬ್ಬೇದ. ಖರೇ ಅಲ್ಲ. ಎಲ್ಲಾ ಮನಿ ಕಿಡಕಿ ಹಂಗ ಅಲ್ಲೂ ತಗೀತಾವ, ಬ್ಯಾಸಿಗಿ ರಾತ್ರಿ ತಗದ ಇಡ್ತಾರ. ಚಳಿಗಾಲದಾಗ ಗಾಳಿ ಸಲುವಾಗಿ ತಗೀಲೇಬೇಕು ಅನ್ನೋ ಕಡ್ಡಾಯ ಇಲ್ಲ, ಅಷ್ಟ. ಪೆಟಿಗಿಗೂ ಅದರದೇ ಕಾಟ ಅದ. ಜಾಳಿಗಿ ಹೊಲಸಾದ್ರ ಬದಲಿ ಮಾಡಬೇಕು, ಫ್ಯಾನು ಸಪ್ಪಳ ಮಾಡ್ತಾವ, ಕರೆಂಟೂ ತಿಂತಾವ. ಸಪ್ಪಳ ತಾಳಲಾರದ ಬಂದ್ ಮಾಡಿದ್ರ ಮತ್ತ ಹಳೇ ಬೂಸರು. ಆರು ತಿಂಗಳು ಹಿಮಾ ಬೀಳೋ ಕಡೆ ಅದು ಬೇಕು ಅನಸ್ತದ. ನಮ್ಮ ಊರಾಗ ಅಷ್ಟು ರೊಕ್ಕಾ ಸುರಿಯೂದು ನನಗ ಸರಿ ಕಾಣೂದಿಲ್ಲ. ಮಾಳಿಗಿ ಮನಿಯ ಬೆಳಕಿಂಡಿ ಒಲಿ ಹೊಗಿನ ಪುಕ್ಕಟ ಮ್ಯಾಲೆ ಒಯ್ಯತಿತ್ತು, ಅದನ್ನ ಮುಚ್ಚಿ ಸ್ಲ್ಯಾಬ್ ಹಾಕಿದವರು ನಾವ.

ಮಗಳ ಮನ್ಯಾಗ ಪೆಟಿಗಿ ಇರಲಿಲ್ಲ. ಹಳೇ ಗ್ವಾಡಿ, ಹೊಸಾ ಬಿಗಿ ಕಿಡಕಿ. ತೊಟ್ಟಿಲದ ಹಿಂದ ಬೂಸರು ಕಂಡಾಗ ಮನಿ ಮಾಲೀಕ "ನೀವು ಅಡಗಿ ಭಾಳ ಮಾಡ್ತೀರಿ, ಕಿಡಕಿ ತಗ್ಯೂದಿಲ್ಲ" ಅಂದಾ. ಗ್ವಾಡಿ ಥಂಡಿ ಅದರಪಾ ಅಂತ ಅಳಿಯ ಅಂದಾ. ಇಂಥಾ ವ್ಯಾಜ್ಯ ಅಲ್ಲೆ ಕೋರ್ಟ್ ತನಕಾ ಹೋಗ್ತಾವಂತ. ನಾವು ದಿನಾ ಮೂರು ಹೊತ್ತು, ಕೂಸಿನ್ನ ಬ್ಯಾರೆ ಖೋಲಿಗೆ ಒಯ್ದು, ಎದುರಾಬದರಾ ಕಿಡಕಿ ಪೂರಾ ತಗದು ಐದು ನಿಮಿಷ ಬಿಟ್ಟು ಹಾಕ್ತಿದ್ವಿ. ಗಾಳಿ ಬದಲಾಗ್ತಿತ್ತು, ಗ್ವಾಡಿ ಆರ್ತಿರಲಿಲ್ಲ. ತೊಟ್ಟಿಲಾ ಗ್ವಾಡಿಯಿಂದ ಒಂದು ಮೊಳ ಈಚಿಗೆ ಸರಿಸಿದ್ವಿ, ಅರಿವಿ ಒಣಗಿಸೂದು ಬಚ್ಚಲಕ್ಕ ಹೋತು. ಬೂಸರು ಒರಸಿದಮ್ಯಾಲೆ ನಾ ಬರೋತನಕಾ ಮತ್ತ ಬಂದಿರಲಿಲ್ಲ. ಮಾಲೀಕನ ಜೋಡಿ ವಾದ ಮಾತ್ರ ಇನ್ನೂ ನಡದದ.